ಸೂಜಿ ಬಯಾಪ್ಸಿಯ ಇಆರ್, ಪಿಆರ್, ಹರ್2 ಫಲಿತಾಂಶವನ್ನು ಎಷ್ಟು ನಂಬಬಹುದು?

"ಸೂಜಿಯಲ್ಲಿ ತೆಗೆದದ್ದು ದಾರದೆಳೆಯಷ್ಟು ಮಾಂಸ. ಅಷ್ಟನ್ನೇ ನೋಡಿ ಇಆರ್ ಇದೆ, ಹರ್2 ಇಲ್ಲ ಎಂದು ಬರೆದಿದ್ದಾರೆ. ಇದನ್ನು ನಂಬಿ ಚಿಕಿತ್ಸೆ ಶುರು ಮಾಡಬಹುದೇ? ಆಪರೇಷನ್ ಆಗಿ ಇಡೀ ಗಡ್ಡೆಯ ಪರೀಕ್ಷೆ ಆಗುವ ತನಕ ಕಾಯಬೇಕೇ?" ಸ್ತನ ಕ್ಯಾನ್ಸರ್ ಬಗ್ಗೆ ಬರೆದಾಗಲೆಲ್ಲ ಓದುಗರು ಇದನ್ನೇ ಕೇಳುತ್ತಾರೆ. ರಿಪೋರ್ಟ್ ಕೈಗೆ ಬಂದ ವಾರದಲ್ಲಿ ಕೇಳುವವರೇ ಹೆಚ್ಚು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸರಿಯಾಗಿ ಮಾಡಿದ ಕೋರ್ ಬಯಾಪ್ಸಿಯ (ದಪ್ಪ ಸೂಜಿಯಿಂದ ಮಾಂಸದ ಚೂರು ತೆಗೆಯುವ ಪರೀಕ್ಷೆಯ) ಫಲಿತಾಂಶವನ್ನು ನಂಬಿ ಚಿಕಿತ್ಸೆ ಶುರು ಮಾಡಬಹುದು. ಎಷ್ಟೋ ಸಲ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಿಂತ ಅದೇ ಹೆಚ್ಚು ಭರವಸೆಯದು. ಆದರೆ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮರುಪರೀಕ್ಷೆ ಬೇಕಾಗುತ್ತದೆ. ಆ ಸಂದರ್ಭಗಳನ್ನು ನಿಮ್ಮ ರಿಪೋರ್ಟಿನಲ್ಲೇ ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ. ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದೇ. ಅವರ ಮುಂದೆ ಯಾವ ಪ್ರಶ್ನೆ ಇಡಬೇಕು ಎಂಬುದು ನಿಮಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಓದುವ ಮೊದಲು ಈ ಕಾಗದಗಳನ್ನು ಜೊತೆಗಿಟ್ಟುಕೊಳ್ಳಿ: ಬಯಾಪ್ಸಿಯ ಪೂರ್ತಿ ರಿಪೋರ್ಟ್, ಐಎಚ್‌ಸಿ ರಿಪೋರ್ಟ್, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ರಿಪೋರ್ಟ್. ಆಪರೇಷನ್ ಆಗಿದ್ದರೆ ಅದರ ಪೆಥಾಲಜಿ ರಿಪೋರ್ಟ್ ಕೂಡ ಇರಲಿ. ಐಎಚ್‌ಸಿ ಎಂದರೆ ಮಾಂಸದ ತೆಳುಪದರಕ್ಕೆ ವಿಶೇಷ ಬಣ್ಣ ಹಾಕಿ, ಜೀವಕೋಶಗಳಲ್ಲಿ ಗ್ರಾಹಕಗಳು (ಇಆರ್, ಪಿಆರ್, ಹರ್2 ಎಂಬ ಪ್ರೋಟೀನುಗಳು) ಇವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಇದರ ರಿಪೋರ್ಟ್ ಸಾಮಾನ್ಯವಾಗಿ ಮೊದಲ ರಿಪೋರ್ಟ್ ಬಂದು ಕೆಲವು ದಿನಗಳ ಮೇಲೆ ಪ್ರತ್ಯೇಕವಾಗಿ ಬರುತ್ತದೆ. ಅದನ್ನು ಕೇಳಿ ಪಡೆಯದೆ ಬಿಡುವವರು ಬಹಳ ಮಂದಿ.

ಹಂತ 1: ಯಾವ ಸೂಜಿ ಎಂದು ಖಚಿತ ಮಾಡಿಕೊಳ್ಳಿ

"ಸೂಜಿ ಪರೀಕ್ಷೆ" ಎಂದು ಎಲ್ಲರೂ ಒಂದೇ ಹೆಸರಿನಲ್ಲಿ ಕರೆದರೂ ಇದರಲ್ಲಿ ಎರಡು ಬೇರೆಬೇರೆ ಪರೀಕ್ಷೆಗಳಿವೆ.

ಎಫ್‌ಎನ್‌ಎಸಿಯಲ್ಲಿ ಇಂಜೆಕ್ಷನ್ ಸೂಜಿಯಷ್ಟೇ ಸಣ್ಣ ಸೂಜಿಯಿಂದ ಬಿಡಿಬಿಡಿ ಜೀವಕೋಶಗಳನ್ನು ಹೀರಿ ತೆಗೆಯುತ್ತಾರೆ. ಕ್ಯಾನ್ಸರ್ ಇದೆಯೇ ಎಂದು ಬೇಗ ತಿಳಿಯಲು ಇದು ಉಪಯುಕ್ತ. ಆದರೆ ಕ್ಯಾನ್ಸರ್ ಹಾಲಿನ ನಾಳದೊಳಗೇ ಇದೆಯೋ, ನಾಳದ ಗೋಡೆ ದಾಟಿ ಸುತ್ತಲಿನ ಅಂಗಾಂಶಕ್ಕೆ ಹರಡಿದೆಯೋ ಎಂಬುದನ್ನು ಇದು ಹೇಳಲಾರದು. ಗ್ರಾಹಕ ಪರೀಕ್ಷೆಗೂ ಇದು ಮೊದಲ ಆಯ್ಕೆಯಲ್ಲ, ಏಕೆಂದರೆ ಈ ಜೀವಕೋಶಗಳನ್ನು ಬಹಳಷ್ಟು ಸಲ ಆಲ್ಕೋಹಾಲಿನಲ್ಲಿ ಕಾಪಿಡುತ್ತಾರೆ. ಐಎಚ್‌ಸಿಯ ಮಾನದಂಡಗಳು ರೂಪುಗೊಂಡಿರುವುದು ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶದ ಮೇಲೆ.

ಕೋರ್ ಬಯಾಪ್ಸಿಯ ಸೂಜಿ ದಪ್ಪ, ಸಾಮಾನ್ಯವಾಗಿ 14 ಗೇಜಿನದು. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು, ಗಡ್ಡೆಯ ಬೇರೆಬೇರೆ ಕಡೆಯಿಂದ ನಾಲ್ಕೈದು ಚೂರು ತೆಗೆಯುತ್ತಾರೆ. ಪ್ರತಿ ಚೂರೂ ಎರಡು ಮಿಲಿಮೀಟರಿಗಿಂತ ಸಣ್ಣ ದಪ್ಪ, ಒಂದೆರಡು ಸೆಂಟಿಮೀಟರ್ ಉದ್ದ. ವ್ಯಾಕ್ಯೂಂ ಬಯಾಪ್ಸಿಯಲ್ಲಿ ಇನ್ನೂ ದಪ್ಪ ಚೂರು ಸಿಗುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಕೋರ್ ಬಯಾಪ್ಸಿಗೆ ಅನ್ವಯಿಸುತ್ತದೆ. ನಿಮಗೆ ಎಫ್‌ಎನ್‌ಎಸಿ ಮಾತ್ರ ಆಗಿದ್ದು, ಅದರ ಮೇಲೆಯೇ ಕೀಮೋ ಶುರು ಮಾಡುವ ಮಾತು ಬಂದಿದ್ದರೆ, ಕೋರ್ ಬಯಾಪ್ಸಿ ಯಾವಾಗ ಎಂದು ಕೇಳಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯಿಂದ ಬಯಾಪ್ಸಿಯನ್ನೇ ಮುಂದೂಡುವವರಿದ್ದಾರೆ. ಸೂಜಿ ಹೋದ ದಾರಿಯಲ್ಲಿ ಕೆಲವು ಜೀವಕೋಶಗಳು ಸರಿದಿರುವುದು ಕಂಡುಬಂದಿದೆಯಾದರೂ, ಅದರಿಂದ ಆಯಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗ್ರಾಹಕಗಳು ಯಾವುವೆಂದು ತಿಳಿಯದೆ ಚಿಕಿತ್ಸೆಗೆ ಇಳಿಯುವುದೇ ನಿಜವಾದ ಅಪಾಯ.

ಹಂತ 2: ಮೂರು ಹೆಸರುಗಳ ಅರ್ಥ

ಇಆರ್ ಎಂದರೆ ಈಸ್ಟ್ರೋಜೆನ್ ಗ್ರಾಹಕ, ಪಿಆರ್ ಎಂದರೆ ಪ್ರೊಜೆಸ್ಟರಾನ್ ಗ್ರಾಹಕ. ಇವು ಜೀವಕೋಶದ ಕೇಂದ್ರದಲ್ಲಿದ್ದು ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನುಗಳು. ಇಆರ್ ಇದ್ದರೆ ಟಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಗಳು ಕೆಲಸ ಮಾಡುತ್ತವೆ. ಅವನ್ನು ಐದು ವರ್ಷ, ಕೆಲವರು ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಹರ್2 ಜೀವಕೋಶದ ಹೊರಪೊರೆಯ ಮೇಲಿನ ಪ್ರೋಟೀನು. ಅದು ಅತಿಯಾಗಿದ್ದರೆ ಕ್ಯಾನ್ಸರ್ ರಭಸದಿಂದ ಬೆಳೆಯುತ್ತದೆ, ಆದರೆ ಟ್ರಾಸ್ಟುಜುಮ್ಯಾಬ್‌ನಂಥ ಗುರಿಯಿಟ್ಟ ಔಷಧಕ್ಕೆ ಬಗ್ಗುತ್ತದೆ. ಮೂರೂ ಇಲ್ಲದಿದ್ದರೆ ಅದನ್ನು ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ.

ಹಂತ 3: "ಪಾಸಿಟಿವ್", "ನೆಗೆಟಿವ್" ಎಂಬಲ್ಲಿಗೆ ನಿಲ್ಲಬೇಡಿ, ಅಂಕಿ ನೋಡಿ

ಇಆರ್ ಎದುರು ಶೇಕಡಾವಾರು ಇರಬೇಕು: ನೂರು ಕ್ಯಾನ್ಸರ್ ಜೀವಕೋಶಗಳಲ್ಲಿ ಎಷ್ಟಕ್ಕೆ ಬಣ್ಣ ಹಿಡಿದಿದೆ ಎಂಬ ಲೆಕ್ಕ ಅದು. ಜೊತೆಗೆ ಬಣ್ಣ ಗಾಢವೋ ತೆಳುವೋ ಎಂದೂ ಬರೆದಿರಬೇಕು. ಅಮೆರಿಕದ ಆಸ್ಕೊ ಮತ್ತು ಕ್ಯಾಪ್ ಎಂಬ ವೈದ್ಯ ಸಂಸ್ಥೆಗಳ ಜಂಟಿ ಮಾರ್ಗಸೂಚಿಯನ್ನು ಬಹಳಷ್ಟು ದೇಶಗಳ ಲ್ಯಾಬ್‌ಗಳು ಅನುಸರಿಸುತ್ತವೆ. ಅದರ 2010ರ ಆವೃತ್ತಿಯ ಪ್ರಕಾರ ಶೇ. 1ರಷ್ಟು ಜೀವಕೋಶಗಳಲ್ಲಿ ಬಣ್ಣ ಕಂಡರೂ ಪಾಸಿಟಿವ್. 2020ರಲ್ಲಿ ಶೇ. 1ರಿಂದ 10ರವರೆಗಿನದನ್ನು "ಇಆರ್ ಲೋ ಪಾಸಿಟಿವ್" ಎಂದು ಪ್ರತ್ಯೇಕಿಸಿದರು. ಈ ಗುಂಪಿನ ಗಡ್ಡೆಗಳಲ್ಲಿ ಹಲವು ಟ್ರಿಪಲ್ ನೆಗೆಟಿವ್ ಗಡ್ಡೆಗಳಂತೆಯೇ ವರ್ತಿಸುತ್ತವೆ. ಹಾಗಾಗಿ ಇಆರ್ ಶೇ. 5 ಇರುವವರ ಮತ್ತು ಶೇ. 95 ಇರುವವರ ರಿಪೋರ್ಟ್‌ಗಳಲ್ಲಿ ಒಂದೇ ಪದವಿದ್ದರೂ ಇಬ್ಬರ ಕಾಯಿಲೆ ಒಂದೇ ಅಲ್ಲ.

ಕೆಲವು ರಿಪೋರ್ಟ್‌ಗಳಲ್ಲಿ ಆಲ್‌ರೆಡ್ ಸ್ಕೋರ್ ಇರುತ್ತದೆ. ಬಣ್ಣ ಹಿಡಿದ ಜೀವಕೋಶಗಳ ಪ್ರಮಾಣಕ್ಕೆ 5ರವರೆಗೆ, ಗಾಢತೆಗೆ 3ರವರೆಗೆ ಅಂಕ ಕೊಟ್ಟು ಕೂಡಿ, ಒಟ್ಟು 8ಕ್ಕೆ ಎಷ್ಟು ಎಂದು ಹೇಳುವ ಲೆಕ್ಕ. 3 ಅಥವಾ ಹೆಚ್ಚು ಬಂದರೆ ಪಾಸಿಟಿವ್.

ಹರ್2ಗೆ ನಾಲ್ಕು ಮಟ್ಟಗಳಿವೆ. 0 ಮತ್ತು 1+ ನೆಗೆಟಿವ್. 3+ ಪಾಸಿಟಿವ್, ಅಂದರೆ ಶೇ. 10ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಇಡೀ ಹೊರಪೊರೆಯ ಸುತ್ತ ಗಾಢ ಬಣ್ಣ. ನಡುವಿನ 2+ ಅನಿಶ್ಚಿತ.

ಎಚ್ಚರಿಕೆ: 2+ ಎಂದರೆ "ಸ್ವಲ್ಪ ಪಾಸಿಟಿವ್" ಅಲ್ಲ, "ನೆಗೆಟಿವ್ ಹತ್ತಿರ"ವೂ ಅಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದು ಅದರ ಅರ್ಥ. ಮುಂದಿನ ಪರೀಕ್ಷೆ ಫಿಶ್. ಇದರಲ್ಲಿ ಹರ್2 ಜೀನಿನ ಪ್ರತಿಗಳನ್ನು ಎಣಿಸುತ್ತಾರೆ. ಹರ್2ರ ಎಣಿಕೆಯನ್ನು ಅದೇ ವರ್ಣತಂತುವಿನ ಗುರುತಿನ ಎಣಿಕೆಯಿಂದ ಭಾಗಿಸಿದಾಗ 2.0 ಅಥವಾ ಹೆಚ್ಚು ಬಂದು, ಪ್ರತಿ ಜೀವಕೋಶದಲ್ಲಿ ಸರಾಸರಿ 4 ಅಥವಾ ಹೆಚ್ಚು ಪ್ರತಿಗಳಿದ್ದರೆ ಪಾಸಿಟಿವ್. ಎರಡರಲ್ಲಿ ಒಂದೇ ಗಡಿ ದಾಟಿದ್ದರೆ ಐಎಚ್‌ಸಿಯ ಜೊತೆಗಿಟ್ಟು ಮತ್ತೊಮ್ಮೆ ಎಣಿಸಿ ತೀರ್ಮಾನಿಸುತ್ತಾರೆ. 2+ ಎಂಬಲ್ಲಿಗೇ ರಿಪೋರ್ಟ್ ನಿಂತಿದ್ದರೆ ಫಿಶ್ ಆಗಲೇಬೇಕು. ಅದು ಆಗುವ ತನಕ ಹರ್2 ಬಗ್ಗೆ ಯಾರೂ ಏನೂ ಖಚಿತವಾಗಿ ಹೇಳುವಂತಿಲ್ಲ.

ಹಂತ 4: ಸೂಜಿ ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಒಂದೇ ರೋಗಿಯ ಸೂಜಿ ಚೂರನ್ನೂ ಆಪರೇಷನ್ ನಂತರದ ಗಡ್ಡೆಯನ್ನೂ ಹೋಲಿಸಿ ನೋಡಿದ ಅಧ್ಯಯನಗಳು ಹಲವು ದೇಶಗಳಿಂದ ಬಂದಿವೆ. ಇಆರ್ ವಿಷಯದಲ್ಲಿ ಬಹುತೇಕ ಅಧ್ಯಯನಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಿಪೋರ್ಟ್‌ಗಳು ಹೊಂದಿಕೆಯಾಗಿವೆ. ಪಿಆರ್‌ನಲ್ಲಿ ಹೊಂದಿಕೆ ಕಡಿಮೆ, ಏಕೆಂದರೆ ಗಡ್ಡೆಯೊಳಗೆ ಪಿಆರ್ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಒಂದು ಮೂಲೆಯಲ್ಲಿ ದಟ್ಟವಾಗಿದ್ದು ಇನ್ನೊಂದು ಮೂಲೆಯಲ್ಲಿ ಇಲ್ಲದೇ ಇರಬಹುದು. ಹರ್2 ಸ್ಪಷ್ಟವಾಗಿ 0 ಅಥವಾ 3+ ಇದ್ದಲ್ಲಿ ಹೊಂದಿಕೆ ಚೆನ್ನಾಗಿದೆ, ಏರುಪೇರು ಹೆಚ್ಚಾಗಿ 2+ರ ಸುತ್ತಮುತ್ತ. ಜೀವಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂದು ಹೇಳುವ ಕೆಐ-67 ಎಲ್ಲಕ್ಕಿಂತ ಚಂಚಲ. ಸೂಜಿಯಲ್ಲಿ 18, ಆಪರೇಷನ್ನಿನಲ್ಲಿ 25 ಎಂದು ಬಂದರೆ ಗಾಬರಿಯಾಗಬೇಡಿ.

ಇಲ್ಲಿ ಓದುಗರು ಸಾಮಾನ್ಯವಾಗಿ ಒಂದು ತಪ್ಪು ಲೆಕ್ಕ ಹಾಕುತ್ತಾರೆ. ಎರಡು ರಿಪೋರ್ಟ್‌ಗಳು ಬೇರೆಯಾಗಿದ್ದರೆ ದೊಡ್ಡ ಗಡ್ಡೆಯದೇ ಸರಿ, ಸೂಜಿಯದು ತಪ್ಪು ಎನ್ನುತ್ತಾರೆ. ಅದು ಹಾಗಲ್ಲ. ಗ್ರಾಹಕಗಳು ಪ್ರೋಟೀನುಗಳು. ದೇಹದಿಂದ ಹೊರಬಂದ ಕ್ಷಣದಿಂದ ಅವು ಕೆಡಲು ಶುರುವಾಗುತ್ತವೆ. ಅದನ್ನು ತಡೆಯುವುದು ಫಾರ್ಮಾಲಿನ್. ತೆಗೆದ ಒಂದು ಗಂಟೆಯೊಳಗೆ ಮಾಂಸ ಶೇ. 10ರ ತಟಸ್ಥ ಫಾರ್ಮಾಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಸೂಜಿ ಚೂರು ತೆಗೆದ ಕೂಡಲೇ ಪಕ್ಕದಲ್ಲೇ ಇರುವ ಬಾಟಲಿಗೆ ಬೀಳುತ್ತದೆ, ಸಣ್ಣದಾದ್ದರಿಂದ ದ್ರವ ಬೇಗ ಒಳಗಿಳಿಯುತ್ತದೆ. ಆಪರೇಷನ್ನಿನಲ್ಲಿ ತೆಗೆದ ಸ್ತನವಾದರೋ ದೊಡ್ಡದು, ಕೊಬ್ಬು ತುಂಬಿದ್ದು. ಫಾರ್ಮಾಲಿನ್ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಒಳಹೋಗುತ್ತದೆ. ಕೊಯ್ದು ತೆರೆಯದೆ ರಾತ್ರಿಯಿಡೀ ಹಾಗೇ ಬಿಟ್ಟರೆ ನಡುವಿನ ಗಡ್ಡೆಗೆ ಅದು ತಲುಪುವುದೇ ಇಲ್ಲ. ಆಗ ಇದ್ದ ಇಆರ್ ಕೂಡ ಇಲ್ಲದಂತೆ ಕಾಣುತ್ತದೆ. ಹಾಗಾಗಿ ಸೂಜಿಯಲ್ಲಿ ಪಾಸಿಟಿವ್ ಬಂದು ಆಪರೇಷನ್ ಬಳಿಕ ನೆಗೆಟಿವ್ ಬಂದರೆ ನಾನು ಮೊದಲು ಅನುಮಾನಿಸುವುದು ಎರಡನೆಯದನ್ನು.

ಸೂಜಿ ಚೂರಿಗೂ ಅದರದೇ ತೊಂದರೆಗಳಿವೆ. ಸಣ್ಣದು ತಾನೇ ಎಂದು ಆರು ಗಂಟೆಗೂ ಮೊದಲೇ ಫಾರ್ಮಾಲಿನ್‌ನಿಂದ ತೆಗೆದರೆ ಇಆರ್ ತಪ್ಪಾಗಿ ನೆಗೆಟಿವ್ ಬರಬಹುದು. ಚೂರಿನ ಅಂಚಿನಲ್ಲಿ, ಸೂಜಿಯಿಂದ ನುಜ್ಜುಗುಜ್ಜಾದ ಕಡೆ ಬಣ್ಣ ಸುಮ್ಮನೆ ಗಾಢವಾಗಿ ನಿಲ್ಲುತ್ತದೆ. ಅದನ್ನು ಎಣಿಸಿದರೆ ಹರ್2 ಇಲ್ಲದಿದ್ದರೂ ಇದ್ದಂತೆ ಕಾಣಬಹುದು. ಜೊತೆಗೆ, ಗಡ್ಡೆಯ ಎಲ್ಲ ಭಾಗ ಒಂದೇ ಥರ ಇಲ್ಲದಿದ್ದರೆ ಸೂಜಿ ಹೋದ ಜಾಗದ ಸುದ್ದಿಯಷ್ಟೇ ಅದು ಹೇಳುತ್ತದೆ.

ದೊಡ್ಡ ತಪ್ಪುಗಳು ಲ್ಯಾಬಿನಲ್ಲಿ ಆಗುತ್ತವೆ ಎಂಬುದಕ್ಕೆ ಸಾರ್ವಜನಿಕ ದಾಖಲೆಯೊಂದಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದಲ್ಲಿ 1997ರಿಂದ 2005ರ ನಡುವೆ ಮಾಡಿದ ಹಾರ್ಮೋನ್ ಗ್ರಾಹಕ ಪರೀಕ್ಷೆಗಳಲ್ಲಿ ನೂರಾರು ರೋಗಿಗಳ ಫಲಿತಾಂಶ ತಪ್ಪಾಗಿತ್ತೆಂದು ಮರುಪರೀಕ್ಷೆಯಲ್ಲಿ ತಿಳಿಯಿತು. ನೆಗೆಟಿವ್ ಎಂದು ಹೇಳಿಸಿಕೊಂಡಿದ್ದರಿಂದ ಟಮಾಕ್ಸಿಫೆನ್ ಸಿಗಬೇಕಾದ ಹೆಂಗಸರಿಗೆ ಅದು ಸಿಗಲಿಲ್ಲ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಅಲ್ಲಿ ಎಡವಿದ್ದು ಮಾಂಸವನ್ನು ಕಾಪಿಟ್ಟ ಕ್ರಮ, ಬಣ್ಣ ಹಾಕಿದ ಕ್ರಮ, ಅದರ ಮೇಲಿನ ನಿಗಾ. ಈ ಪ್ರಕರಣ ಓದಿದ ಮೇಲೆ ನನ್ನ ನಿಲುವು ಗಟ್ಟಿಯಾಗಿದೆ: ಇಆರ್ ಪಾಸಿಟಿವ್ ಎಂಬುದು ಕಣ್ಣಿಗೆ ಕಂಡ ಬಣ್ಣ, ಅದು ಸುಳ್ಳಾಗುವುದು ಅಪರೂಪ. ಆದರೆ ನೆಗೆಟಿವ್ ಎಂದರೆ ಗ್ರಾಹಕವೇ ಇಲ್ಲದಿರಬಹುದು, ಇದ್ದೂ ಬಣ್ಣ ಹಿಡಿಯದೇ ಇರಬಹುದು. ಇದರಲ್ಲಿ ಯಾವುದು ಎಂದು ಕೇಳುವ ಹಕ್ಕು ನಿಮಗಿದೆ.

ಹಂತ 5: ಮರುಪರೀಕ್ಷೆ ಕೇಳಬೇಕಾದ ಗುರುತುಗಳು

ಇಆರ್ ನೆಗೆಟಿವ್ ಇದ್ದರೆ ಮೊದಲು ನೋಡಬೇಕಾದ್ದು "ಇಂಟರ್ನಲ್ ಕಂಟ್ರೋಲ್" ಎಂಬ ಸಾಲು. ಸೂಜಿ ಚೂರಿನಲ್ಲಿ ಕ್ಯಾನ್ಸರ್ ಪಕ್ಕದಲ್ಲೇ ಆರೋಗ್ಯವಂತ ಹಾಲಿನ ನಾಳಗಳೂ ಇರುವುದುಂಟು. ಅವುಗಳ ಕೆಲವು ಜೀವಕೋಶಗಳಲ್ಲಿ ಇಆರ್ ಇದ್ದೇ ಇರುತ್ತದೆ. ಆ ನಾಳಗಳಿಗೆ ಬಣ್ಣ ಹಿಡಿದು ಕ್ಯಾನ್ಸರಿಗೆ ಹಿಡಿದಿಲ್ಲವೆಂದರೆ ನೆಗೆಟಿವ್ ನಂಬಬಹುದು. ಎರಡಕ್ಕೂ ಹಿಡಿದಿಲ್ಲವೆಂದರೆ ಪರೀಕ್ಷೆಯೇ ಕೈಕೊಟ್ಟಿದೆ. ಚೂರಿನಲ್ಲಿ ಆರೋಗ್ಯವಂತ ನಾಳವೇ ಇಲ್ಲದಿದ್ದರೆ, ಆಪರೇಷನ್ನಿನ ಗಡ್ಡೆಯಲ್ಲೋ ಬೇರೆ ಚೂರಿನಲ್ಲೋ ಮತ್ತೊಮ್ಮೆ ನೋಡಬಹುದೇ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಎರಡನೆಯದು, ಕ್ಯಾನ್ಸರಿನ ಬಗೆಗೂ ಗ್ರಾಹಕಗಳಿಗೂ ತಾಳೆಯಾಗುತ್ತಿದೆಯೇ ಎಂಬುದು. ಗ್ರೇಡ್ ಎಂದರೆ ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಸರಿದಿವೆ ಎಂಬ ಅಳತೆ. 1 ಸೌಮ್ಯ, 3 ಉಗ್ರ. ಗ್ರೇಡ್ 1 ಗಡ್ಡೆ, ಟ್ಯೂಬುಲಾರ್, ಮ್ಯೂಸಿನಸ್, ಲೋಬ್ಯುಲಾರ್ ಎಂಬ ಬಗೆಗಳು ಬಹುಮಟ್ಟಿಗೆ ಇಆರ್ ಪಾಸಿಟಿವ್, ಹರ್2 ನೆಗೆಟಿವ್. ನಿಮ್ಮ ರಿಪೋರ್ಟಿನಲ್ಲಿ ಇದಕ್ಕೆ ತದ್ವಿರುದ್ಧ ಬಂದಿದ್ದರೆ ಮತ್ತೊಮ್ಮೆ ನೋಡಿಸಬೇಕು. ಇಆರ್ ಇಲ್ಲದೆ ಪಿಆರ್ ಮಾತ್ರ ಪಾಸಿಟಿವ್ ಬಂದಿರುವುದೂ ಅಪರೂಪ. ಅದರಲ್ಲಿ ಹಲವು ಮರುಪರೀಕ್ಷೆಯಲ್ಲಿ ಬದಲಾಗುತ್ತವೆ.

ಹರ್2 ನೆಗೆಟಿವ್ ಬಂದವರಲ್ಲಿ ಆಪರೇಷನ್ ನಂತರ ಇನ್ನೊಮ್ಮೆ ನೋಡುವ ಸಂದರ್ಭಗಳನ್ನು ಮಾರ್ಗಸೂಚಿಯೇ ಹೆಸರಿಸಿದೆ: ಗಡ್ಡೆ ಗ್ರೇಡ್ 3 ಇದ್ದಾಗ, ಸೂಜಿ ಚೂರಿನಲ್ಲಿ ಕ್ಯಾನ್ಸರ್ ತೀರಾ ಸ್ವಲ್ಪ ಸಿಕ್ಕಿದ್ದಾಗ, ಆಪರೇಷನ್ನಿನ ಗಡ್ಡೆಯಲ್ಲಿ ಸೂಜಿಯಲ್ಲಿ ಕಾಣದಿದ್ದ ಬೇರೆ ರೂಪದ ಉಗ್ರ ಭಾಗ ಕಂಡಾಗ, ಚೂರನ್ನು ಕಾಪಿಟ್ಟ ರೀತಿಯ ಬಗ್ಗೆ ಸಂದೇಹವಿದ್ದಾಗ.

ಒಂದೇ ಸ್ತನದಲ್ಲಿ ಎರಡು ಗಡ್ಡೆಗಳಿದ್ದು ಒಂದಕ್ಕೆ ಮಾತ್ರ ಸೂಜಿ ಹಾಕಿದ್ದರೆ, ಇನ್ನೊಂದರ ಗ್ರಾಹಕಗಳು ನಿಮಗೆ ತಿಳಿದಿಲ್ಲ ಎಂದೇ ಲೆಕ್ಕ.

ಇವು ಯಾವುವೂ ನಿಮ್ಮ ರಿಪೋರ್ಟಿನಲ್ಲಿ ಇಲ್ಲವೇ? ಇಆರ್ ಶೇ. 80, ಪಿಆರ್ ಶೇ. 60, ಹರ್2 0, ಗ್ರೇಡ್ 2 ಎಂಬಂಥ ರಿಪೋರ್ಟ್ ಇದ್ದರೆ ಮರುಪರೀಕ್ಷೆಗಾಗಿ ಅಲೆದು ಚಿಕಿತ್ಸೆಯನ್ನು ವಾರಗಟ್ಟಲೆ ತಡ ಮಾಡಬೇಡಿ.

ಹಂತ 6: ಮರುಪರೀಕ್ಷೆ ಮಾಡಿಸುವ ಕ್ರಮ

ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕೆಂದೇನೂ ಇಲ್ಲ. ನಿಮ್ಮ ಚೂರುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೇರೆ ಲ್ಯಾಬಿನ ಅಭಿಪ್ರಾಯ ಬೇಕಿದ್ದರೆ ಬಣ್ಣ ಹಾಕಿದ ಸ್ಲೈಡ್‌ಗಳ ಜೊತೆ ಬ್ಲಾಕನ್ನೂ ಕೇಳಿ ಪಡೆಯಿರಿ. ಸ್ಲೈಡ್ ಮಾತ್ರ ಒಯ್ದರೆ ಎರಡನೆಯ ಪೆಥಾಲಜಿಸ್ಟ್ ಹಳೆಯ ಬಣ್ಣವನ್ನೇ ನೋಡಬೇಕಾಗುತ್ತದೆ, ಹೊಸದಾಗಿ ಹಾಕಿ ನೋಡಲಾಗದು. ಕತ್ತರಿಸಿಟ್ಟು ಆರು ವಾರ ದಾಟಿದ ಬಣ್ಣ ಹಾಕದ ಪದರಗಳ ಮೇಲೆ ಪರೀಕ್ಷೆ ಮಾಡಬಾರದು ಎಂಬ ನಿಯಮವೂ ಇದೆ. ಬ್ಲಾಕ್ ಇದ್ದರೆ ಹೊಸ ಪದರ ಕತ್ತರಿಸಬಹುದು.

ಎಚ್ಚರಿಕೆ: ಸೂಜಿಯ ಬ್ಲಾಕಿನಲ್ಲಿ ಇರುವುದೇ ಸ್ವಲ್ಪ ಮಾಂಸ. ಮೂರು ಕಡೆ ಮೂರು ಸಲ ಪದರ ಕತ್ತರಿಸಿದರೆ ಖಾಲಿಯಾಗಬಹುದು. ಆಪರೇಷನ್ ಆಗಿದ್ದರೆ ಆ ಬ್ಲಾಕ್ ಕೊಟ್ಟು, ಸೂಜಿಯದನ್ನು ಉಳಿಸಿಕೊಳ್ಳಿ. ಕೊರಿಯರಿಗೆ ಕೊಡುವ ಮೊದಲು ಬ್ಲಾಕ್ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಎಂದು ನೋಡಿಕೊಳ್ಳಿ.

ಎರಡು ರಿಪೋರ್ಟ್‌ಗಳು ಕೊನೆಗೂ ಒಪ್ಪಲಿಲ್ಲವೆಂದರೆ? ಎರಡರಲ್ಲಿ ಯಾವುದಾದರೂ ಒಂದರಲ್ಲಿ ಇಆರ್ ಖಚಿತವಾಗಿ ಪಾಸಿಟಿವ್ ಇದ್ದರೆ ವೈದ್ಯರು ಸಾಮಾನ್ಯವಾಗಿ ಹಾರ್ಮೋನ್ ಮಾತ್ರೆಯ ಕಡೆಗೇ ವಾಲುತ್ತಾರೆ. ಸಿಗಬೇಕಾದ ಔಷಧ ತಪ್ಪಿಹೋಗುವುದು ದೊಡ್ಡ ನಷ್ಟ ಎಂಬುದು ಅದರ ಹಿಂದಿನ ವಿಚಾರ. ಹರ್2ರಲ್ಲಿ ವ್ಯತ್ಯಾಸ ಬಂದರೆ ಎರಡೂ ಬ್ಲಾಕ್‌ಗಳ ಮೇಲೆ ಫಿಶ್ ಮಾಡಿಸುವುದು ಒಳ್ಳೆಯದು.

ಹಂತ 7: ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದಿದ್ದರೆ

ಇವರು ಉಳಿದವರಿಗಿಂತ ಹೆಚ್ಚು ಜಾಗರೂಕರಾಗಿರಬೇಕು. ಕೀಮೋ ಚೆನ್ನಾಗಿ ಕೆಲಸ ಮಾಡಿದರೆ ಆಪರೇಷನ್ ಹೊತ್ತಿಗೆ ಗಡ್ಡೆಯೇ ಉಳಿದಿರುವುದಿಲ್ಲ. ಅದು ಸಂತೋಷದ ಸುದ್ದಿಯೇ, ಆದರೆ ಆಗ ಪರೀಕ್ಷಿಸಲು ಏನೂ ಇರದು. ಸೂಜಿ ಬಯಾಪ್ಸಿಯೇ ಮೊದಲ ಮತ್ತು ಕೊನೆಯ ಸಾಕ್ಷಿ. ಉಳಿದ ಗಡ್ಡೆಯಲ್ಲೂ ಚಿಕಿತ್ಸೆಯ ಪ್ರಭಾವದಿಂದ ಪಿಆರ್ ಇಳಿದಿರಬಹುದು, ಟ್ರಾಸ್ಟುಜುಮ್ಯಾಬ್ ಪಡೆದವರಲ್ಲಿ ಹರ್2 ಕಾಣದಾಗಬಹುದು. ಆದ್ದರಿಂದ ಕೀಮೋದ ಮೊದಲ ಡೋಸಿಗೆ ಮುಂಚೆಯೇ ನಾಲ್ಕು ವಿಷಯ ಮುಗಿಸಿಕೊಳ್ಳಿ: ಸಾಕಷ್ಟು ಚೂರು ತೆಗೆದಿದ್ದಾರೆಯೇ, 2+ ಇದ್ದರೆ ಫಿಶ್ ಬಂದಿದೆಯೇ, ಹಂತ 5ರ ಯಾವುದಾದರೂ ಗುರುತು ಇದೆಯೇ, ಗಡ್ಡೆಯ ಜಾಗದಲ್ಲಿ ಲೋಹದ ಪುಟ್ಟ ಕ್ಲಿಪ್ ಇಟ್ಟಿದ್ದಾರೆಯೇ. ಕ್ಲಿಪ್ ಇಲ್ಲದೆ ಗಡ್ಡೆ ಪೂರ್ತಿ ಕರಗಿದರೆ ಶಸ್ತ್ರಚಿಕಿತ್ಸಕರಿಗೆ ಜಾಗ ಹುಡುಕುವುದೇ ಕಷ್ಟ.

ಹಂತ 8: ಕ್ಯಾನ್ಸರ್ ಮರಳಿದಾಗ

ಹಳೆಯ ರಿಪೋರ್ಟನ್ನೇ ಹಿಡಿದು ಮುಂದುವರಿಯಬೇಡಿ. ಮರುಕಳಿಸಿದ ಅಥವಾ ಬೇರೆ ಅಂಗಕ್ಕೆ ಹರಡಿದ ಕ್ಯಾನ್ಸರಿನಲ್ಲಿ ಗ್ರಾಹಕಗಳು ಬದಲಾಗಿರಬಹುದು, ಅದರಲ್ಲೂ ಪಿಆರ್ ಹೆಚ್ಚು. ಸುರಕ್ಷಿತವಾಗಿ ಸೂಜಿ ಹಾಕಬಹುದಾದ ಜಾಗವಿದ್ದರೆ ಹೊಸ ಬಯಾಪ್ಸಿ ಆಗಬೇಕು. ಹರ್2 1+, ಅಥವಾ 2+ ಇದ್ದು ಫಿಶ್ ನೆಗೆಟಿವ್ ಆದವರನ್ನು ಈಗ "ಹರ್2 ಲೋ" ಎನ್ನುತ್ತಾರೆ. ಹರಡಿದ ಕಾಯಿಲೆಯಲ್ಲಿ ಇವರಿಗೂ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧದಿಂದ ಲಾಭವಿದೆ ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು. 0 ಮತ್ತು 1+ ನಡುವಿನ ಗೆರೆ ಎಳೆಯುವಲ್ಲಿ ನುರಿತ ಪೆಥಾಲಜಿಸ್ಟರಲ್ಲೇ ಒಮ್ಮತ ಕಡಿಮೆ. ಹಾಗಾಗಿ 0 ಎಂದು ಬಂದಿದ್ದರೆ ಹಿಂದಿನ ಎಲ್ಲ ಬ್ಲಾಕ್‌ಗಳ ಫಲಿತಾಂಶವನ್ನೂ ವೈದ್ಯರ ಮುಂದಿಡಿ. ಯಾವುದಾದರೂ ಒಂದರಲ್ಲಿ 1+ ಇದ್ದರೆ ದಾರಿ ತೆರೆಯಬಹುದು.

ಮೂಳೆಯಿಂದ ಬಯಾಪ್ಸಿ ತೆಗೆಯುವುದಾದರೆ ಇನ್ನೊಂದು ಮಾತು. ಮೂಳೆಯ ಚೂರನ್ನು ಕತ್ತರಿಸಲು ಅದರ ಸುಣ್ಣದ ಅಂಶವನ್ನು ಆಮ್ಲದಲ್ಲಿ ಕರಗಿಸಬೇಕಾಗುತ್ತದೆ. ಬಲವಾದ ಆಮ್ಲ ಗ್ರಾಹಕಗಳನ್ನೂ ಹರ್2 ಜೀನನ್ನೂ ಕೆಡಿಸಿ, ಪರೀಕ್ಷೆಯನ್ನು ತಪ್ಪಾಗಿ ನೆಗೆಟಿವ್ ಮಾಡಬಲ್ಲದು. ಇಡಿಟಿಎ ಎಂಬ ಸೌಮ್ಯ ದ್ರಾವಣ ಬಳಸಿದರೆ, ಅಥವಾ ಮೃದುವಾದ ಭಾಗವನ್ನು ಆಮ್ಲಕ್ಕೆ ಹಾಕದೆ ಬೇರೆಯಾಗಿ ಇಟ್ಟರೆ ಈ ತೊಂದರೆ ಬಹಳ ಕಡಿಮೆ. ಇದನ್ನು ಬಯಾಪ್ಸಿಗೆ ಮುಂಚೆಯೇ ಕೇಳಬೇಕು, ಚೂರು ಆಮ್ಲಕ್ಕೆ ಬಿದ್ದ ಮೇಲೆ ಸರಿಪಡಿಸಲಾಗದು.